ಅಡ್ವಾನ್ಸ್ ನಮ್ಮ ದುಡ್ಡಲ್ಲ

ಸಾಲ ಮಾಡಿ ಮನೆ ಮೇಲೊಂದು ಮಹಡಿ ಕಟ್ಟಿ ಬಾಡಿಗೆಗೆ ಕೊಡೋಣ ಅಂತಿದ್ದೀರಾ? ನಮ್ಮ ಕುರೆಕುಪ್ಪದಲ್ಲಿ ನಾನೂ ಅದನ್ನೇ ಮಾಡಿದೆ. ಪಕ್ಕದಲ್ಲೇ ತೋರಣಗಲ್ಲಿನ ಜಿಂದಾಲ್, ಬಾಡಿಗೆಯವರಿಗೇನು ಬರ ಅಂದ್ಕೊಂಡೆ. ಬರ್ತಾರೆ, ನಿಜ. ಗುತ್ತಿಗೆ ಕೆಲಸ ಮುಗಿದ ವಾರವೇ ಹೋಗ್ತಾರೆ ಕೂಡ.

ಮೊದಲು ಬಂದವರು ಕೊಟ್ಟ 30,000 ಅಡ್ವಾನ್ಸನ್ನ ಸಂಪು, ಮೋಟರಿಗೆ ಹಾಕಿಬಿಟ್ಟಿದ್ದೆ. ಆರನೇ ತಿಂಗಳಿಗೆ ಅವರು ಹೊರಟು ನಿಂತ್ರು. ಬಾಗಿಲಲ್ಲಿ ಲಗೇಜು, ಕಂಕುಳಲ್ಲಿ ಮಗು. ನನ್ನ ಹತ್ರ ದುಡ್ಡಿಲ್ಲ. ಅವ್ವ ಒಳಗಿಂದ ಬಳೆ ತಂದು ಕೈಗಿಟ್ಟಳು: "ಮೊದ್ಲು ಅವ್ರ ರೊಕ್ಕ ಅವ್ರಿಗೆ ಕೊಡಪಾ." ಅಡವಿಟ್ಟು ಕೊಟ್ಟೆ. ಮನೆ ಎರಡು ತಿಂಗಳು ಖಾಲಿ, ಬ್ಯಾಂಕಿನ ಕಂತು ಮಾತ್ರ ತಪ್ಪಲಿಲ್ಲ.

ಈಗ ಅಡ್ವಾನ್ಸ್ ಬೇರೆ ಖಾತೆಯಲ್ಲಿರುತ್ತೆ. ವರ್ಷಕ್ಕೆ 10 ತಿಂಗಳ ಬಾಡಿಗೆ ಮಾತ್ರ ಲೆಕ್ಕಕ್ಕೆ ಹಿಡೀತೀನಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಅಂತ ಎಲ್ಲರೂ 11 ತಿಂಗಳಿಗೇ ಬರೆಸ್ತಾರೆ. ಬರೆಸಿ, ಆದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು, ಪೇಂಟಿಂಗ್ ಖರ್ಚು ಯಾರದು ಅನ್ನೋದೂ ಅದರಲ್ಲಿರಲಿ. ಆದಾಯ ತೆರಿಗೆಗೆ ಹೆದರಬೇಡಿ: ಬಾಡಿಗೆಯಲ್ಲಿ ನೀವು ಕಟ್ಟಿದ ಮನೆಗಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ ಇದೆ, ರಿಪೇರಿ ಮಾಡಿಸಿದ್ರೂ ಬಿಟ್ರೂ.

ಆ ಬಳೆ ಬಿಡಿಸೋಕೆ ನನಗೆ ಎಂಟು ತಿಂಗಳು ಹಿಡೀತು. ಅವ್ವ ಒಂದಿನಾನೂ ಕೇಳಲಿಲ್ಲ.