ಎರಡು ದಿನದ ಹಾಲಿಗಾಗಿ ಲಸಿಕೆ ತಪ್ಪಿಸಬೇಡಿ

ಲಸಿಕೆ ಹಾಕುವವರು ಬಂದಾಗ ‘ಹಾಲು ಕಡಿಮೆಯಾಗುತ್ತೆ, ನಮ್ಮ ಹಸುವಿಗೆ ಬೇಡ’ ಎನ್ನುವ ಮನೆಗಳು ಇನ್ನೂ ಇವೆ. ಲಸಿಕೆಯಾದ ಮೇಲೆ 2-3 ದಿನ ಹಾಲು ತುಸು ಇಳಿಯಬಹುದು, ನಿಜ, ಮತ್ತೆ ಏರುತ್ತದೆ. ಆದರೆ ಕಾಲುಬಾಯಿ ರೋಗ ಬಂದ ಹಸು ಆ ಸೂಲಿನಲ್ಲಿ ಮೊದಲಿನಷ್ಟು ಹಾಲು ಕೊಡುವುದು ಕಷ್ಟ. 2013ರಲ್ಲಿ ನಮ್ಮ ರಾಜ್ಯದಲ್ಲೇ ಈ ರೋಗಕ್ಕೆ ಸಾವಿರಾರು ರಾಸುಗಳು ಸತ್ತವು.

ಕಾಲುಬಾಯಿ ಲಸಿಕೆ 6 ತಿಂಗಳಿಗೊಮ್ಮೆ ಬೇಕು. 4 ತಿಂಗಳು ತುಂಬಿದ ಕರುವನ್ನೂ ಬಿಡಬೇಡಿ. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮುಂಚೆಯೇ ಆಗಲಿ.

ಒಂದು ಮನೆ ತಪ್ಪಿಸಿದರೆ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುವ ಊರ ದನಕ್ಕೆಲ್ಲ ಅಪಾಯ. ಹುಲ್ಲು, ಸಗಣಿ, ಹಾಲು ಎಲ್ಲವೂ ನಮ್ಮ ಕೈಯಲ್ಲೇ ಇರುವಾಗ ಲಸಿಕೆಯ ತೀರ್ಮಾನವೂ ನಮ್ಮದೇ ಆಗಲಿ, ಅಕ್ಕಂದಿರೇ. ‘ಹಾಕಿ’ ಎಂದು ನಾವೇ ಹಗ್ಗ ಹಿಡಿದು ನಿಲ್ಲೋಣ.