ಪ್ರೋಟೀನಿಗೆ ಬಾಗಿಲು ಎಲ್ಲಿದೆ?

ಪ್ರೋಟೀನ್ ಅಂದ ಕೂಡಲೇ ನಮಗೆ ನೆನಪಾಗೋದು ಬೇಳೆ, ಮೊಟ್ಟೆ, ಜಿಮ್‌ಗೆ ಹೋಗುವವರ ಪುಡಿ ಡಬ್ಬ. ಆದರೆ ದೇಹದೊಳಗೆ ಪ್ರೋಟೀನ್‌ಗಳು ಪುಟ್ಟ ಯಂತ್ರಗಳ ಹಾಗೆ ದುಡಿಯುತ್ತವೆ. ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಅಂಥದ್ದೊಂದು. 1950ರ ದಶಕದ ಕೊನೆಯಲ್ಲಿ ಜಾನ್ ಕೆಂಡ್ರ್ಯೂ ತಂಡ ಎಕ್ಸ್‌ರೇ ಬಳಸಿ ಇದರ ಆಕಾರ ಕಂಡುಹಿಡಿಯಿತು. ಅದರಲ್ಲೊಂದು ಒಗಟು. ಆಮ್ಲಜನಕ ಹೋಗಿ ಕೂರುವ ಜಾಗವೇನೋ ಒಳಗಿದೆ, ಆದರೆ ಅಲ್ಲಿಗೆ ಹೋಗುವ ದಾರಿಯೇ ಕಾಣದು!

ಯಾಕಂದ್ರೆ ಪ್ರೋಟೀನ್ ಕಲ್ಲಿನ ವಿಗ್ರಹವಲ್ಲ. ಅದು ಸದಾ ಅಲುಗಾಡುತ್ತಿರುತ್ತೆ. ಹಾಗೆ ಅಲುಗಾಡುವಾಗ ಕ್ಷಣಮಾತ್ರ ಸಂದು ಬಿಡುತ್ತೆ, ಆಮ್ಲಜನಕ ಒಳಗೆ ನುಸುಳುತ್ತೆ. ಎಕ್ಸ್‌ರೇ ಚಿತ್ರದಲ್ಲಿ ಸಿಗದ ಈ ಅಲುಗಾಟವನ್ನು ಕಂಪ್ಯೂಟರ್ ಸಿಮ್ಯುಲೇಶನ್‌ನಲ್ಲಿ ನೋಡಬಹುದು.

ವಿಧಾನ ಪಿಯುಸಿ ಫಿಸಿಕ್ಸ್‌ನದೇ. ಪ್ರತಿ ಪರಮಾಣುವನ್ನು ಉಳಿದವು ಎಷ್ಟು ಎಳೆಯುತ್ತವೆ, ಎಷ್ಟು ತಳ್ಳುತ್ತವೆ ಅಂತ ಲೆಕ್ಕ ಹಾಕೋದು, ನ್ಯೂಟನ್ ನಿಯಮದಂತೆ ಅದನ್ನು ಚೂರು ಸರಿಸೋದು, ಮತ್ತೆ ಲೆಕ್ಕ. ಪ್ರೋಗ್ರಾಂ ಬರೆಯುವ ನನ್ನಂಥವರಿಗೆ ಇದು ಬರೀ ಒಂದು ಲೂಪ್. ಕಷ್ಟ ಇರೋದು ಸಮಯದಲ್ಲಿ. ಒಂದೊಂದು ಹೆಜ್ಜೆ ಒಂದೆರಡು ಫೆಮ್ಟೊಸೆಕೆಂಡ್ ಅಷ್ಟೇ. ಸೆಕೆಂಡನ್ನು ಕೋಟಿ ಭಾಗ ಮಾಡಿ, ಅದರಲ್ಲೊಂದನ್ನು ಮತ್ತೆ ಹತ್ತು ಕೋಟಿ ಭಾಗ ಮಾಡಿದರೆ ಸಿಗುವ ಚೂರೇ ಫೆಮ್ಟೊಸೆಕೆಂಡ್!

1977ರಲ್ಲಿ ಮೆಕ್‌ಕ್ಯಾಮನ್, ಗೆಲಿನ್, ಕಾರ್ಪ್ಲಸ್ ಮೂವರೂ ಸೇರಿ ಹಸುವಿನ ಮೇದೋಜೀರಕ ಗ್ರಂಥಿಯ, 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನೊಂದರ ಚಲನೆಯನ್ನು ಲೆಕ್ಕ ಹಾಕಿದರು. ಸಿಕ್ಕಿದ್ದು ಹತ್ತು ಪಿಕೊಸೆಕೆಂಡಿಗೂ ಕಡಿಮೆ. 2010ರಲ್ಲಿ ಡೇವಿಡ್ ಶಾ ತಂಡ ಇದಕ್ಕೆಂದೇ ಕಟ್ಟಿದ 'ಆಂಟನ್' ಯಂತ್ರದಲ್ಲಿ ಅದೇ ಪ್ರೋಟೀನನ್ನು ಒಂದು ಮಿಲಿಸೆಕೆಂಡ್ ಓಡಿಸಿತು. ಅಂದರೆ ಹತ್ತು ಕೋಟಿ ಪಟ್ಟಿಗೂ ಹೆಚ್ಚು.

"ಈಗ ಎಐ ಬಂದಿದೆಯಲ್ಲ, ಇದೆಲ್ಲ ಯಾಕೆ?" ಅಂತ ಗೆಳೆಯರು ಕೇಳ್ತಾರೆ. ಆಲ್ಫಾಫೋಲ್ಡ್ ಮುಖ್ಯವಾಗಿ ಹೇಳುವುದು ಪ್ರೋಟೀನಿನ ಆಕಾರವನ್ನು. ಔಷಧಿ ಹೋಗಿ ಕೂರಬಹುದಾದ ಜಾಗ ಕೆಲವೊಮ್ಮೆ ಚಲನೆಯಲ್ಲಷ್ಟೇ ತೆರೆದುಕೊಳ್ಳುತ್ತೆ. ಕೋವಿಡ್ ಕಾಲದಲ್ಲಿ 'ಫೋಲ್ಡಿಂಗ್ ಅಟ್ ಹೋಮ್' ಯೋಜನೆಗೆ ಜಗತ್ತಿನ ಲಕ್ಷಾಂತರ ಜನ ಮನೆಯ ಕಂಪ್ಯೂಟರ್‌ಗಳ ಬಿಡುವಿನ ಸಮಯ ಕೊಟ್ಟರು. ವೈರಸ್‌ನ ಪ್ರೋಟೀನ್‌ಗಳಲ್ಲಿ ಅಡಗಿದ್ದ ಅಂಥ ಜಾಗಗಳು ಆಗ ಕಂಡವು.

ಹಾಗಂತ ಸಿಮ್ಯುಲೇಶನ್ ಹೇಳಿದ್ದೇ ವೇದವಾಕ್ಯವಲ್ಲ. ಎಳೆತ-ತಳ್ಳಾಟದ ಸೂತ್ರಗಳು ಅಂದಾಜಿನವು. ಸೂತ್ರದಲ್ಲಿ ಸಣ್ಣ ತಪ್ಪಿದ್ದರೆ ಕೋಟಿಗಟ್ಟಲೆ ಹೆಜ್ಜೆಗಳಲ್ಲೂ ಅದೇ ತಪ್ಪು. ಹಾಗಾಗಿ ಮುಂದಿನ ಸಲ "ಕಂಪ್ಯೂಟರ್ ಔಷಧಿ ಕಂಡುಹಿಡಿಯಿತು" ಅನ್ನೋ ಸುದ್ದಿ ವಾಟ್ಸಾಪ್‌ಗೆ ಬಂದರೆ, ಫಾರ್ವರ್ಡ್ ಮಾಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ರಾ?"