ಸ್ಪ್ರಿಂಕ್ಲರ್ ಒಂದೇ ಸಾಕೆ?

ಲಂಡನ್‌ನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಹುಟ್ಟಿದ್ದು ನಾಲ್ಕನೇ ಮಹಡಿಯ ಅಡುಗೆಮನೆಯೊಂದರಲ್ಲಿ, ಫ್ರಿಜ್‌ನ ಬಳಿ. 24 ಮಹಡಿಗಳ ಆ ವಸತಿ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಮೆಟ್ಟಿಲ ದಾರಿ ಒಂದೇ. ಹೊರಗೋಡೆಗೆ ಹೊದಿಸಿದ್ದು ಸುಲಭವಾಗಿ ಹೊತ್ತಿಕೊಳ್ಳುವ ಪ್ಲಾಸ್ಟಿಕ್ ತಿರುಳಿನ ಅಲ್ಯೂಮಿನಿಯಂ ಹಾಳೆ.

ಮನೆಮನೆಗೂ ಸ್ಪ್ರಿಂಕ್ಲರ್ ಅಳವಡಿಸಿದರೆ ಕಟ್ಟಡದ ಉಳಿದ ಕೊರತೆಗಳು ನೀಗುತ್ತವೆ ಎಂಬ ವಾದವಿದೆ. ಅದರಲ್ಲಿ ಒಂದಿಷ್ಟು ಹುರುಳೂ ಇದೆ. ಸಾಧನದ ಪುಟ್ಟ ಗಾಜಿನ ಬುರುಡೆ ಸಾಮಾನ್ಯವಾಗಿ 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು ನೀರು ಚಿಮ್ಮುತ್ತದೆ. ಸಿನಿಮಾದಲ್ಲಿ ತೋರಿಸುವಂತೆ ಮನೆಯೆಲ್ಲ ಮಳೆಗರೆಯುವುದಿಲ್ಲ. ಬೆಂಕಿಯ ಸಮೀಪದ್ದು ಮಾತ್ರ ತೆರೆದುಕೊಳ್ಳುತ್ತದೆ. ಅಡುಗೆಮನೆಯ ಬೆಂಕಿ ಅಲ್ಲೇ ಹತೋಟಿಗೆ ಬರುವ ಸಂಭವ ಹೆಚ್ಚು.

ಆದರೆ ಹೊರಗೋಡೆಯನ್ನೇರಿದ ಜ್ವಾಲೆಯನ್ನು ಅದು ಮುಟ್ಟಲಾರದು. ಹಲವು ಮನೆಗಳಿಗೆ ಬೆಂಕಿ ಒಮ್ಮೆಲೇ ನುಗ್ಗಿದರೆ ನೀರೂ ಸಾಲದು. ಹೊಗೆ ತಡೆಯುವ ಬಾಗಿಲಿಗಾಗಲೀ ಎರಡನೆಯ ಮೆಟ್ಟಿಲಿಗಾಗಲೀ ಅದು ಬದಲಿಯಲ್ಲ.

ಹೊಸ ವಸತಿ ಸಮುಚ್ಚಯಗಳಲ್ಲಿ ಸ್ಪ್ರಿಂಕ್ಲರ್ ಕಡ್ಡಾಯವಾಗುವ ಎತ್ತರದ ಮಿತಿಯನ್ನು ಇಂಗ್ಲೆಂಡ್ 2020ರಲ್ಲಿ 30 ಮೀಟರ್‌ನಿಂದ 11 ಮೀಟರ್‌ಗೆ ಇಳಿಸಿತು. ಹಳೆಯವುಗಳಿಗೆ ಈ ಕಟ್ಟಳೆ ಇಲ್ಲ. 2009ರಲ್ಲಿ ಆರು ಮಂದಿ ಅಸುನೀಗಿದ ಲಕನಾಲ್ ಹೌಸ್ ದುರಂತದ ಮರಣ ವಿಚಾರಣಾಧಿಕಾರಿ, ಹಳೆಯ ಬಹುಮಹಡಿ ಕಟ್ಟಡಗಳಲ್ಲೂ ಅಳವಡಿಕೆಗೆ ಉತ್ತೇಜನ ನೀಡುವಂತೆ ಸರ್ಕಾರಕ್ಕೆ ಶಿಫಾರಸು ಮಾಡಿದ್ದು 2013ರಲ್ಲಿ. ಗ್ರೆನ್‌ಫೆಲ್ ಉರಿಯುವುದಕ್ಕೆ ನಾಲ್ಕು ವರ್ಷ ಮೊದಲು.